ನೋಲಿನಾ ಗಿಡದ ಬುಡ ಮೆತ್ತಗಾಗಿದೆ, ಉಳಿಸಿಕೊಳ್ಳೋಕೆ ಏನು ಮಾಡಬೇಕು?

ಹನ್ನೆರಡನೇ ಮಹಡಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆಯಲ್ಲಿ ಒಂದು ನೋಲಿನಾ ಇದೆ. ಪೋನಿಟೇಲ್ ಪಾಮ್ ಅಂತಲೂ ಕರೆಯುತ್ತಾರೆ. ಬುಡ ಗುಂಡಗೆ ಉಬ್ಬಿರುತ್ತದೆ, ಮೇಲಿಂದ ಉದ್ದುದ್ದ ಎಲೆ ಬಿಚ್ಚಿದ ಕೂದಲಿನ ಹಾಗೆ ಇಳಿಬಿದ್ದಿರುತ್ತದೆ. 2009ರಲ್ಲಿ ಅಪ್ಪ ರಿಟೈರ್ ಆದ ವಾರ ಲಾಲ್‌ಬಾಗ್ ನೋಡೋಕೆ ಬೆಂಗಳೂರಿಗೆ ಬಂದಿದ್ದರು, ಆಗ ಅಲ್ಲೇ ಸಿದ್ದಾಪುರದ ನರ್ಸರಿ ಸಾಲಿನಲ್ಲಿ ತಗೊಂಡು ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಮೈಸೂರಿಗೆ ತಂದಿದ್ದು. ಆಗ ಬುಡ ನಿಂಬೆಹಣ್ಣಿನಷ್ಟಿತ್ತು. ಈಗ ಎರಡು ಕೈ ಸೇರಿಸಿ ಹಿಡಿದರೂ ಸುತ್ತು ಸಿಗುವುದಿಲ್ಲ. ಮೈಸೂರಿನ ಮನೆಯ ತಾರಸಿ ಮೆಟ್ಟಿಲ ಪಕ್ಕ ಮಣ್ಣಿನ ಕುಂಡದಲ್ಲಿ ಹಾಯಾಗಿತ್ತು.

ಅಪ್ಪ ತೀರಿಕೊಂಡು ಎರಡು ವರ್ಷ ಆಯಿತು. ದಸರಾ ಮುಗಿದ ಮೇಲೆ ಅಮ್ಮನನ್ನು ನಮ್ಮ ಬೆಂಗಳೂರಿನ ಫ್ಲ್ಯಾಟಿಗೆ ಕರಕೊಂಡು ಬಂದೆವು. ಅಮ್ಮ ಬೇರೆ ಗಿಡಗಳನ್ನೆಲ್ಲ ಪಕ್ಕದ ಮನೆಯವರಿಗೆ ಕೊಟ್ಟರು, ಇದನ್ನು ಮಾತ್ರ ಬಿಡಲಿಲ್ಲ. ಇಲ್ಲಿ ಹಾಲ್‌ನಲ್ಲಿ ಟಿವಿ ಪಕ್ಕ ಇಟ್ಟೆ. ಗೃಹಪ್ರವೇಶಕ್ಕೆ ಬಂದಿದ್ದ ಒಂದು ಚೆಂದದ ಬಿಳಿ ಪಿಂಗಾಣಿ ಕುಂಡ ಇತ್ತು, ಅದಕ್ಕೆ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ ತುಂಬಿ ವರ್ಗಾಯಿಸಿದೆ. ಒಂದು ತಿಂಗಳಿಗೆ ಎಲೆಯ ತುದಿ ಕಂದು ಬಣ್ಣಕ್ಕೆ ತಿರುಗಿತು. ನೀರು ಸಾಲದೇನೋ ಅಂತ ದಿನ ಬಿಟ್ಟು ದಿನ ಒಂದು ಚೊಂಬು ಹಾಕಿದೆ. ಮನೆ ಹತ್ತಿರದ ನರ್ಸರಿಯಲ್ಲಿ ಕೇಳಿದರೆ ನೀರು, ಗೊಬ್ಬರ ಎರಡೂ ಜಾಸ್ತಿ ಮಾಡಿ ಅಂದರು. ಮಾಡಿದೆ. ಈಗ ಕೆಳಗಿನ ಎಲೆಗಳು ಹಳದಿಯಾಗಿವೆ. ಬುಡದ ಒಂದು ಪಕ್ಕ ಒತ್ತಿದರೆ ಹಣ್ಣಾದ ಸಪೋಟದ ಹಾಗೆ ಬೆರಳು ಒಳಗೆ ಹೋಗುತ್ತದೆ.

ಅಮ್ಮ ಬೆಳಿಗ್ಗೆ ಕಾಫಿ ಕುಡಿಯುವಾಗ ಅದರ ಎದುರೇ ಕೂರುತ್ತಾರೆ. ಏನೂ ಹೇಳುವುದಿಲ್ಲ. ನನಗೆ ಅದನ್ನು ನೋಡೋಕೆ ಆಗುತ್ತಿಲ್ಲ. ಏನು ಮಾಡಲಿ?

ಕೆಂಪುಮಣ್ಣು

ಮೊದಲು ಆ ಚೊಂಬು ಕೆಳಗಿಡಿ. ಇವತ್ತಿನಿಂದ ಒಂದು ಹನಿ ನೀರೂ ಬೇಡ.

ನಾನು ಹಾಸನದ ಹತ್ತಿರ ಹನ್ನೊಂದು ವರ್ಷ ಸಣ್ಣ ನರ್ಸರಿ ನಡೆಸಿದವನು. ನೋಲಿನಾ ಒಣಗಿ ಸತ್ತಿದ್ದನ್ನು ನಾನು ಒಂದೇ ಒಂದು ಸಲವೂ ನೋಡಿಲ್ಲ. ಸತ್ತಿದ್ದೆಲ್ಲ ನೀರಿನಿಂದಲೇ. ಇವಕ್ಕೆ ಉತ್ತರ ಕೊಡಿ:

ಆ ಪಿಂಗಾಣಿ ಕುಂಡದ ತಳದಲ್ಲಿ ತೂತು ಇದೆಯಾ? ಮೆತ್ತಗಾದ ಕಡೆ ಮೂಗು ಇಟ್ಟು ನೋಡಿ, ಕೊಳೆತ ವಾಸನೆ ಬರುತ್ತಾ? ಮೆತ್ತಗಿರುವುದು ಒಂದೇ ಪಕ್ಕವಾ, ಸುತ್ತಲೂನಾ? ಕೊನೆಯದು ಮುಖ್ಯ. ನೆತ್ತಿಯ ನಟ್ಟನಡುವಿನ ಎಳೆ ಎಲೆಯನ್ನು ಹಿಡಿದು ಮೆಲ್ಲಗೆ ಎಳೆಯಿರಿ. ಕಿತ್ತು ಬರುತ್ತಾ, ಗಟ್ಟಿ ನಿಲ್ಲುತ್ತಾ?

ಜನ ಒಂದು ಕಡೆ ಎಡವುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. ಬಾಯಾರಿದ ನೋಲಿನಾದ ಬುಡ ಸುಕ್ಕಾಗುತ್ತದೆ. ಒಣ ಖರ್ಜೂರದ ಹಾಗೆ ಗೆರೆ ಬೀಳುತ್ತದೆ, ಒತ್ತಿದರೆ ಸ್ವಲ್ಪ ಬಳುಕಬಹುದು, ಆದರೆ ವಾಸನೆ ಇರಲ್ಲ, ಬೆರಳು ಒಳಗೆ ಹೋಗಲ್ಲ. ಕೊಳೆತ ಬುಡ ಒದ್ದೆಯಾಗಿ ಮೆತ್ತಗಿರುತ್ತದೆ, ವಾಸನೆ ಬರುತ್ತದೆ, ಕೆಲವು ಸಲ ಕಂದು ನೀರು ಒಸರುತ್ತದೆ. ಸುಕ್ಕಾಗಿದ್ದರೆ ಒಂದು ಸಲ ಚೆನ್ನಾಗಿ ನೀರು ಕೊಟ್ಟರೆ ಕೆಲವು ದಿನದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಕೊಳೆತಿದ್ದರೆ ಚಾಕು ಹಿಡಿಯಬೇಕು.

ಹನ್ನೆರಡನೇ ಮಹಡಿ

ಅಣ್ಣ, ಇಷ್ಟು ಬೇಗ ಉತ್ತರ ಕೊಟ್ಟಿದ್ದಕ್ಕೆ ತುಂಬಾ ಥ್ಯಾಂಕ್ಸ್. ಕುಂಡದಲ್ಲಿ ತೂತು ಇಲ್ಲ. ಕೊಂಚ ಓರೆ ಮಾಡಿದೆ, ಸುಮಾರು ಎರಡು ಲೋಟ ನೀರು ಸುರಿಯಿತು. ವಾಸನೆ ಇದೆ. ಒಂದು ಪಕ್ಕ ಮಾತ್ರ ಮೆತ್ತಗಿದೆ, ನನ್ನ ಅಂಗೈ ಅಗಲ. ನಡುವಿನ ಎಲೆ ಎಳೆದೆ, ಗಟ್ಟಿಯಾಗಿ ನಿಂತಿತು.

ಕೆಂಪುಮಣ್ಣು

ನಡುವಿನ ಎಲೆ ನಿಂತಿದೆ ಅಂದರೆ ಜೀವ ಇದೆ. ಧೈರ್ಯವಾಗಿರಿ. ರಾತ್ರಿ ಕೂತು ಪೂರ್ತಿ ಬರೆಯುತ್ತೇನೆ. ಅಷ್ಟರೊಳಗೆ ಗಿಡವನ್ನು ಆ ಕುಂಡದಿಂದ ಹೊರಗೆ ತೆಗೆದು ನ್ಯೂಸ್‌ಪೇಪರ್ ಮೇಲೆ ಮಲಗಿಸಿ.

ಧಾರವಾಡದ ಅಕ್ಕ

ತಮ್ಮಾ, ಹೆದರಬೇಡ. ನಾನು ಸಸ್ಯಶಾಸ್ತ್ರ ಪಾಠ ಮಾಡಿ ರಿಟೈರ್ ಆದವಳು. ಗಿಡ ಎಲ್ಲಿಂದ ಬಂದಿದೆ ಅಂತ ಗೊತ್ತಾದರೆ ಅದಕ್ಕೆ ಏನು ಬೇಕು ಅನ್ನೋದು ತಾನಾಗಿ ಗೊತ್ತಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಇದರ ಈಗಿನ ಹೆಸರು ಬೋಕಾರ್ನಿಯಾ ರಿಕರ್ವೇಟಾ. ಹಿಂದೆ ನೋಲಿನಾ ಅನ್ನೋ ಗುಂಪಿಗೆ ಸೇರಿಸಿದ್ದರು, ನಮ್ಮ ನರ್ಸರಿಗಳಲ್ಲಿ ಆ ಹೆಸರೇ ಉಳಿದುಕೊಂಡಿದೆ. ಪಾಮ್ ಅಂತಾರೆ, ಆದರೆ ತೆಂಗು, ಅಡಿಕೆ, ಈಚಲಿಗೂ ಇದಕ್ಕೂ ಸಂಬಂಧ ಇಲ್ಲ. ಇದು ಶತಾವರಿ ಕುಟುಂಬದ್ದು. ನಮ್ಮ ಹಳ್ಳಿಯ ಕಡೆ ಹಲವು ಮಕ್ಕಳ ತಾಯಿ ಬೇರು ಅಂತಾರಲ್ಲ, ಅದೇ ಶತಾವರಿ. ಅದು ಬೇರಿನ ಗೆಡ್ಡೆಗಳಲ್ಲಿ ನೀರು ಕೂಡಿಡುತ್ತದೆ, ಇದು ಕಾಂಡದಲ್ಲಿ. ಹೌದು, ಆ ಗುಂಡು ಗೆಡ್ಡೆಯೂ ಅಲ್ಲ, ಈರುಳ್ಳಿ ಥರದ ಬಲ್ಬೂ ಅಲ್ಲ. ಊದಿಕೊಂಡ ಕಾಂಡ. ಹಾಗಾಗಿ ಅದನ್ನು ಮಣ್ಣಿನೊಳಗೆ ಹೂಳಬಾರದು, ಗಾಳಿಗೆ ತೆರೆದಿರಬೇಕು.

ಇದರ ತವರು ಮೆಕ್ಸಿಕೋದ ಪೂರ್ವ ಭಾಗ. ತಮೌಲಿಪಾಸ್, ಸಾನ್ ಲೂಯಿಸ್ ಪೊಟೊಸಿ, ವೆರಾಕ್ರೂಸ್ ಅನ್ನೋ ರಾಜ್ಯಗಳ ಒಣ ಕಾಡುಗಳಲ್ಲಿ, ಕಲ್ಲು ತುಂಬಿದ ಇಳಿಜಾರಿನಲ್ಲಿ ಬೆಳೆಯುತ್ತದೆ. ಅಲ್ಲೂ ಮಳೆ ಬರುತ್ತದೆ, ಚೆನ್ನಾಗಿಯೇ ಬರುತ್ತದೆ, ಆದರೆ ವರ್ಷದ ಕೆಲವು ತಿಂಗಳು ಮಾತ್ರ. ಬಿದ್ದ ನೀರು ಕಲ್ಲಿನ ಸಂದಿಯಲ್ಲಿ ಹರಿದುಹೋಗುತ್ತದೆ. ಹರಿದುಹೋಗುವ ಮೊದಲು ಎಷ್ಟು ಸಿಗುತ್ತದೋ ಅಷ್ಟನ್ನು ಕುಡಿದು ಬುಡದಲ್ಲಿ ತುಂಬಿಟ್ಟುಕೊಂಡು, ಮುಂದಿನ ಮಳೆಯವರೆಗೆ ಅದರಲ್ಲೇ ಸಂಸಾರ ಮಾಡುತ್ತದೆ. ಕಾಡಿನಲ್ಲಿ ಇದು ಮನೆಗಿಂತ ಎತ್ತರದ ಮರ ಆಗುತ್ತದೆ. ಮುದಿ ಮರದ ಬುಡದ ತೊಗಟೆ ಆಮೆಯ ಬೆನ್ನಿನ ಹಾಗೆ ಬಿರುಕು ಬಿಟ್ಟಿರುತ್ತದೆ. ಅಲ್ಲಿಯ ಜನ ಇದನ್ನು ಪಾತಾ ದೆ ಎಲೆಫಾಂತೆ ಅಂತಾರೆ, ಅಂದರೆ ಆನೆಯ ಪಾದ.

ಈಗ ನೀನೇ ನೋಡು. ಕಲ್ಲಿನ ಗುಡ್ಡದಲ್ಲಿ ಬೆಳೆಯುವುದನ್ನು ತೂತಿಲ್ಲದ ಪಾತ್ರೆಯಲ್ಲಿ, ನೀರು ಹಿಡಿದಿಟ್ಟುಕೊಳ್ಳುವ ತೆಂಗಿನ ನಾರಿನ ಪುಡಿಯಲ್ಲಿ ಇಟ್ಟರೆ ಬೇರಿಗೆ ಗಾಳಿ ಎಲ್ಲಿಂದ ಬರಬೇಕು?

ಬಿಸಿಲೂರು

ನಾನು ರಾಯಚೂರಿನವ. ಒಂದು ಮಾತು ಒಪ್ಪಲ್ಲ. ನೋಲಿನಾಗೆ ನೀರೇ ಬೇಡ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಅಂಗಳದಲ್ಲಿ ನೆಲಕ್ಕೆ ಹಾಕಿದ್ದು ಒಂದಿದೆ. ಬೇಸಿಗೆಯಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ, ಆಗ ವಾರಕ್ಕೊಮ್ಮೆ ಒಂದು ಬಕೆಟ್ ಹಾಕುತ್ತೇನೆ, ಗಟಗಟ ಕುಡಿಯುತ್ತದೆ. ಎಲೆ ಎಷ್ಟು ದಪ್ಪ, ಎಷ್ಟು ಹಸಿರು ಅಂದರೆ ನರ್ಸರಿಯಲ್ಲೂ ನಾನು ಅಂಥದ್ದು ನೋಡಿಲ್ಲ. ನೀರು ಕೊಡಬೇಡಿ ಅಂತ ಹೇಳಿ ಜನರನ್ನು ಹೆದರಿಸುವುದು ಸರಿಯಲ್ಲ.

ಕೆಂಪುಮಣ್ಣು

ಬಿಸಿಲೂರು ಅವರೇ, ನಿಮ್ಮ ಮಾತು ನಿಮ್ಮ ಅಂಗಳಕ್ಕೆ ನೂರಕ್ಕೆ ನೂರು ಸರಿ. ಬಿಸಿಲು ಇದ್ದರೆ ಗಿಡ ಕುಡಿಯುತ್ತದೆ, ನೆಲದಲ್ಲಿ ನೀರು ಇಳಿದುಹೋಗುತ್ತದೆ. ಟಿವಿ ಪಕ್ಕದ ಮೂಲೆಯಲ್ಲಿ ಗಿಡ ಅರ್ಧ ನಿದ್ದೆಯಲ್ಲಿರುತ್ತದೆ, ಹಾಕಿದ ನೀರು ಹಾಗೇ ಕೂತಿರುತ್ತದೆ. ಗಿಡಕ್ಕೆ ಎಷ್ಟು ನೀರು ಅನ್ನೋದನ್ನು ಬೆಳಕು ಹೇಳುತ್ತದೆ. ಹಾಗಾಗಿ ಮನೆ ಒಳಗಿನವರು ನಿಮ್ಮ ಲೆಕ್ಕ ಹಿಡಿಯಬಾರದು, ನೀವು ಅವರ ಲೆಕ್ಕ ಹಿಡಿಯಬೇಕಾಗಿಲ್ಲ.

ಈಗ ಹನ್ನೆರಡನೇ ಮಹಡಿಯವರಿಗೆ.

ಹಳೆ ಕೋಕೋಪೀಟ್ ಎಲ್ಲ ಕೈಯಿಂದ ಬಿಡಿಸಿ ತೆಗೆಯಿರಿ. ನಲ್ಲಿ ಕೆಳಗೆ ತೊಳೆಯಬೇಡಿ, ಸುಮ್ನೆ ಉದುರಿಸಿ. ಕಪ್ಪಾಗಿ ಲೋಳೆಯಾಗಿರುವ ಬೇರು ಸತ್ತಿದ್ದು, ಕತ್ತರಿಸಿ. ತಿಳಿ ಬಣ್ಣದ ಗಟ್ಟಿ ಬೇರು ಒಂದು ಹಿಡಿ ಸಿಕ್ಕರೂ ಸಾಕು. ಆಮೇಲೆ ಚೂಪಾದ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಬುಡದ ಮೆತ್ತಗಿನ ಭಾಗವನ್ನು ಕೆತ್ತುತ್ತಾ ಹೋಗಿ. ಕಂದು ಬಣ್ಣ ಪೂರ್ತಿ ಹೋಗಿ ತಿಳಿ ಬಣ್ಣದ ಗಟ್ಟಿ ತಿರುಳು ಬರುವ ತನಕ ನಿಲ್ಲಿಸಬೇಡಿ. ಅಯ್ಯೋ ಪಾಪ ಅಂತ ಒಂದು ಚೂರು ಕಂದು ಬಿಟ್ಟರೂ ಅಲ್ಲಿಂದ ಮತ್ತೆ ಶುರುವಾಗುತ್ತದೆ. ಪ್ರತಿ ಸಲ ಕೆತ್ತುವ ಮುಂಚೆ ಚಾಕು ಒರೆಸಿ. ಗಾಯಕ್ಕೆ ಗಂಧಕದ ಪುಡಿ ಹಚ್ಚಿ, ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಆಮೇಲೆ ಗಿಡವನ್ನು ನೆರಳಿನಲ್ಲಿ, ಗಾಳಿ ಆಡುವ ಕಡೆ, ಬರಿಗಾಲಲ್ಲಿ ಹತ್ತು ದಿನ ಬಿಡಿ. ಹತ್ತು ದಿನ ಮಣ್ಣಿಲ್ಲದೆ ಹೇಗೆ ಬದುಕುತ್ತದೆ ಅನ್ನಿಸುತ್ತದೆ. ಬದುಕುತ್ತದೆ. ಆ ಬುಡ ಇರುವುದೇ ಅದಕ್ಕೆ.

ಗಾಯ ಒಣಗಿ ಗಟ್ಟಿ ಪೊರೆ ಕಟ್ಟಿದ ಮೇಲೆ ನೆಡಿ. ಮಣ್ಣಿನ ಕುಂಡ, ಬುಡಕ್ಕಿಂತ ಎರಡೇ ಇಂಚು ಅಗಲ. ದೊಡ್ಡ ಕುಂಡ ತಂದರೆ ಮಣ್ಣು ಜಾಸ್ತಿ, ಮಣ್ಣು ಜಾಸ್ತಿ ಆದರೆ ತೇವ ಜಾಸ್ತಿ. ತೂತಿನ ಮೇಲೆ ಒಂದು ಹೆಂಚಿನ ಚೂರು. ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ದಪ್ಪ ಮರಳು, ಒಂದು ಪಾಲು ಕಡಲೆಕಾಳಿನಷ್ಟು ಇಟ್ಟಿಗೆ ಚೂರು, ಒಂದು ಪಾಲು ಎರೆಗೊಬ್ಬರ. ಈಗ ಎಲ್ಲ ಕಡೆ ಎಂ ಸ್ಯಾಂಡ್ ತಾನೇ ಸಿಗೋದು, ಅದಾದರೆ ಬಕೆಟ್‌ನಲ್ಲಿ ನಾಲ್ಕು ಸಲ ತೊಳೆದು ಧೂಳು ತೆಗೆಯಿರಿ. ಧೂಳು ಬಿಟ್ಟರೆ ಮಣ್ಣು ಸಿಮೆಂಟ್ ಹಾಗೆ ಕೂತುಬಿಡುತ್ತದೆ. ಬೇರು ಮಾತ್ರ ಮಣ್ಣಲ್ಲಿರಲಿ, ಬುಡ ಪೂರ್ತಿ ಮೇಲೆ. ಆಚೀಚೆ ವಾಲದ ಹಾಗೆ ಎರಡು ಕಲ್ಲು ಒತ್ತಿಡಿ. ಎರಡು ವಾರ ನೀರು ಬೇಡ.

ಹನ್ನೆರಡನೇ ಮಹಡಿ

ಭಾನುವಾರ ಮಾಡಿದೆ ಅಣ್ಣ.

ಕೆತ್ತೋಕೆ ಶುರು ಮಾಡಿದಾಗ ಕೈ ನಡುಗುತ್ತಿತ್ತು. ಅಮ್ಮ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತರು. ಮುಷ್ಟಿಯಷ್ಟು ಭಾಗ ಹೋಯಿತು. ಒಂದು ಕಡೆ ಕಂದು ಬಣ್ಣ ಒಳಗೆ ಎಳೆ ಎಳೆಯಾಗಿ ಹೋಗಿತ್ತು, ಅದನ್ನು ಬಿಡೋಣ ಅಂದುಕೊಂಡೆ, ನೀವು ಬರೆದಿದ್ದು ನೆನಪಾಗಿ ಅದನ್ನೂ ತೆಗೆದೆ. ಕೊನೆಗೆ ಹಸಿ ಮೂಲಂಗಿಯ ಹಾಗೆ ಗಟ್ಟಿ ತಿರುಳು ಬಂತು. ಒಳ್ಳೆ ಬೇರು ಒಂದು ಹಿಡಿಗಿಂತ ಜಾಸ್ತಿಯೇ ಇದೆ.

ಆಗ ಅಮ್ಮ ಹೇಳಿದರು, "ನಿಮ್ಮಪ್ಪ ಇದಕ್ಕೆ ಅಮಾವಾಸ್ಯೆಗೊಂದು ಸಲ, ಹುಣ್ಣಿಮೆಗೊಂದು ಸಲ ನೀರು ಹಾಕುತ್ತಿದ್ದರು. ಮಳೆಗಾಲದಲ್ಲಿ ಅದೂ ಇಲ್ಲ." ಅಂದರೆ ಹದಿನೈದು ದಿನಕ್ಕೊಂದು ಸಲ! ಹದಿನಾರು ವರ್ಷ ಅದೇ ಲೆಕ್ಕ. ಯಾಕಮ್ಮ ಮೊದಲೇ ಹೇಳಲಿಲ್ಲ ಅಂದೆ. "ನೀನು ಅಷ್ಟು ಆಸೆಯಿಂದ ಹಾಕುತ್ತಿದ್ದೆ, ಬೇಡ ಅನ್ನೋಕೆ ಬಾಯಿ ಬರಲಿಲ್ಲ" ಅಂದರು.

ನಾನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಅಪ್ಪನ ಗಿಡ ಚೆನ್ನಾಗಿರಲಿ ಅಂತ ಎಲ್ಲರನ್ನೂ ಕೇಳಿದೆ, ಅಮ್ಮನನ್ನು ಒಂದು ಸಲ ಕೇಳಲಿಲ್ಲ.

ಗಿಡ ಈಗ ಯುಟಿಲಿಟಿಯಲ್ಲಿ ಪೇಪರ್ ಮೇಲೆ ಮಲಗಿದೆ.

ಧಾರವಾಡದ ಅಕ್ಕ

ಅಮಾವಾಸ್ಯೆ, ಹುಣ್ಣಿಮೆ. ಎಷ್ಟು ಚೆಂದದ ಲೆಕ್ಕ ಇಟ್ಟಿದ್ದರು ನಿಮ್ಮ ತಂದೆ. ಕ್ಯಾಲೆಂಡರ್ ನೋಡಿದರೆ ಸಾಕು, ಮರೆಯೋ ಮಾತೇ ಇಲ್ಲ. ಇನ್ನು ಮೇಲೆ ನಾನು ಎಲ್ಲರಿಗೂ ಹೀಗೇ ಹೇಳುತ್ತೇನೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಆದರೆ ಅದು ತಾರಸಿಯ ಬಿಸಿಲಿನ ಲೆಕ್ಕ ಅನ್ನೋದು ನೆನಪಿರಲಿ. ಹಾಲ್ ಒಳಗೆ ಇಟ್ಟರೆ ಹುಣ್ಣಿಮೆಗೆ ಮಾತ್ರ ಸಾಕಾಗಬಹುದು. ಬೆರಳನ್ನು ಎರಡು ಇಂಚು ಮಣ್ಣಿನೊಳಗೆ ಇಳಿಸು, ತಂಪು ತಾಗಿದರೆ ಮುಂದಕ್ಕೆ ಹಾಕು. ಕೊಡುವ ದಿನ ಮಾತ್ರ ಚಮಚದಲ್ಲಿ ಕೊಡಬೇಡ, ತಳದ ತೂತಿನಿಂದ ಹೊರಗೆ ಬರುವ ಹಾಗೆ ತುಂಬಾ ಕೊಡು. ತಟ್ಟೆಗೆ ಇಳಿದ ನೀರನ್ನು ಆಗಲೇ ಚೆಲ್ಲು. ಬೇರಿಗೂ ಒಳ್ಳೆಯದಲ್ಲ, ಅಂಥ ನಿಂತ ನೀರಿನಲ್ಲೇ ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು.

ಕರಾವಳಿ ಮನೆ

ಉಡುಪಿಯಿಂದ. ನಮ್ಮಲ್ಲಿ ಗಾಳಿಯಲ್ಲೇ ನೀರು ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಒಳಗಿಟ್ಟ ನೋಲಿನಾಗೆ ನಾನು ಒಂದು ಹನಿಯೂ ಹಾಕುವುದಿಲ್ಲ. ನಾಲ್ಕು ತಿಂಗಳು. ಬುಡದಲ್ಲಿ ಸಣ್ಣ ಸುಕ್ಕು ಬರುತ್ತದೆ, ನವರಾತ್ರಿ ಹೊತ್ತಿಗೆ ನೀರು ಕೊಟ್ಟರೆ ಸರಿಹೋಗುತ್ತದೆ. ಹೊರಗೆ ಜಗಲಿಯಲ್ಲಿ ಇರಚಲು ಹೊಡೆಯುವ ಕಡೆ ಇಟ್ಟಿದ್ದ ಇನ್ನೊಂದು ಒಂದೇ ಮಳೆಗಾಲಕ್ಕೆ ಹೋಯಿತು. ಕರಾವಳಿ, ಮಲೆನಾಡಿನವರು ಮಳೆಗಾಲಕ್ಕೆ ಮುಂಚೆ ಗಿಡ ಒಳಗೆ ತನ್ನಿ.

ಹನ್ನೆರಡನೇ ಮಹಡಿ

ಎಲೆಯ ತುದಿ ಯಾಕೆ ಕಂದು ಆಯಿತು ಅನ್ನೋದು ಇನ್ನೂ ಗೊತ್ತಾಗಲಿಲ್ಲ. ನಾನು ನೀರು ಜಾಸ್ತಿ ಮಾಡುವ ಮೊದಲೇ ಅದು ಶುರುವಾಗಿತ್ತು. ಇಲ್ಲಿ ಬೋರ್‌ವೆಲ್ ನೀರು. ನಾನು ಹಾಕುತ್ತಿದ್ದುದು ಆರ್‌ಒ ಫಿಲ್ಟರ್‌ನಿಂದ ಹೊರಗೆ ಹೋಗುವ ವೇಸ್ಟ್ ನೀರು, ಸುಮ್ನೆ ಚರಂಡಿಗೆ ಹೋಗುತ್ತದಲ್ಲ ಅಂತ.

ಕೆಂಪುಮಣ್ಣು

ಸಿಕ್ಕಿತು ನೋಡಿ!

ಆರ್‌ಒ ಮಾಡುವುದೇ ನೀರಿನಲ್ಲಿರುವ ಉಪ್ಪು ಬೇರೆ ಮಾಡುವ ಕೆಲಸ. ನಿಮಗೆ ಕುಡಿಯೋಕೆ ಕೊಟ್ಟ ನೀರಿನಿಂದ ತೆಗೆದ ಉಪ್ಪೆಲ್ಲ ಆ ವೇಸ್ಟ್ ನೀರಿನಲ್ಲಿ ಸೇರಿಕೊಂಡಿರುತ್ತದೆ. ಬೋರ್‌ವೆಲ್ ನೀರು ಮೊದಲೇ ಗಡಸು, ಇದು ಅದಕ್ಕಿಂತ ಗಡಸು. ತೂತಿಲ್ಲದ ಕುಂಡದಲ್ಲಿ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಎಲೆಯ ತುದಿ ಸುಡುತ್ತದೆ. ಮಣ್ಣಿನ ಕುಂಡದ ಹೊರಗೆ ಬಿಳಿ ಪುಡಿ ಕೂತಿರುವುದನ್ನು ನೋಡಿರುತ್ತೀರಿ, ಅದೇ ಉಪ್ಪು. ಆ ನೀರಿನಲ್ಲಿ ನೆಲ ಒರೆಸಿ, ಬಾತ್‌ರೂಮಿಗೆ ಹಾಕಿ, ಕುಂಡದ ಗಿಡಕ್ಕೆ ಬೇಡ. ಮಳೆ ನೀರು ಹಿಡಿದಿಟ್ಟಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಹದಿನೈದು ದಿನಕ್ಕೆ ಎರಡು ಲೀಟರ್ ತಾನೇ, ಕಾವೇರಿ ನೀರು ಬರುವ ನೆಂಟರ ಮನೆಯಿಂದ ಒಂದು ಕ್ಯಾನ್ ತಂದರೂ ಆಯಿತು.

ಸುಟ್ಟ ತುದಿ ಮತ್ತೆ ಹಸಿರಾಗಲ್ಲ. ನೋಡೋಕೆ ಬೇಜಾರಾದರೆ ಕತ್ತರಿಯಿಂದ ಓರೆಯಾಗಿ ಕತ್ತರಿಸಿ, ಕಂದಿನ ಒಂದು ಗೆರೆ ಉಳಿಸಿಯೇ ಕತ್ತರಿಸಿ. ಹಸಿರಿಗೆ ಕತ್ತರಿ ತಾಗಿದರೆ ಅಲ್ಲಿಂದ ಮತ್ತೆ ಒಣಗುತ್ತದೆ. ಎಲೆಯ ಅಂಚು ಸಣ್ಣ ಗರಗಸದ ಹಾಗಿರುತ್ತದೆ, ಕೈ ಕೊಯ್ಯುತ್ತದೆ, ಹುಷಾರು.

ಬೆಕ್ಕಿನಮ್ಮ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಮನೆಯಲ್ಲಿ ಎರಡು ಬೆಕ್ಕು ಇವೆ. ಇದರ ಎಲೆ ನೇತಾಡುವುದನ್ನು ನೋಡಿದರೆ ಬಿಡುವುದಿಲ್ಲ, ಎಳೆದು ಕಚ್ಚುತ್ತವೆ. ವಿಷ ಏನಾದರೂ ಇದೆಯಾ?

ಧಾರವಾಡದ ಅಕ್ಕ

ನೋಲಿನಾ ಬೆಕ್ಕು, ನಾಯಿಗೆ ವಿಷ ಅಲ್ಲ. ಜಾಸ್ತಿ ತಿಂದರೆ ನಾರಿನಿಂದ ವಾಂತಿ ಆಗಬಹುದು, ಹುಲ್ಲು ತಿಂದಾಗ ಆಗುವ ಹಾಗೆ.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನಮ್ಮ. ನರ್ಸರಿಗಳಲ್ಲಿ ಇದರ ಪಕ್ಕದಲ್ಲೇ ಸಾಗೋ ಪಾಮ್ ಅಂತ ಇನ್ನೊಂದು ಇಟ್ಟಿರುತ್ತಾರೆ. ಅದರ ಹೆಸರು ಸೈಕಸ್ ರೆವೊಲ್ಯೂಟಾ. ಅದೂ ನಿಧಾನ, ಅದಕ್ಕೂ ಉಬ್ಬಿದ ಬುಡ, ಅದಕ್ಕೂ ಪಾಮ್ ಅಂತ ಸುಳ್ಳು ಹೆಸರು. ಅದರ ಎಲ್ಲ ಭಾಗವೂ ವಿಷ, ಬೀಜವಂತೂ ಇನ್ನೂ ಕೆಟ್ಟದ್ದು. ನಾಯಿ, ಬೆಕ್ಕಿನ ಲಿವರ್ ಹಾಳಾಗಿ ಪ್ರಾಣವೇ ಹೋಗುತ್ತದೆ. ಎಲೆ ನೋಡಿದರೆ ಗುರುತು ಸಿಗುತ್ತದೆ. ಸೈಕಸ್‌ದು ತೆಂಗಿನ ಗರಿಯ ಹಾಗೆ ನಡುವೆ ದಂಟು, ಎರಡೂ ಕಡೆ ಚುಚ್ಚುವ ಗಟ್ಟಿ ಎಲೆ. ನೋಲಿನಾದ್ದು ಪಟ್ಟಿಯ ಹಾಗೆ ಒಂದೊಂದೇ ಎಲೆ, ಬಗ್ಗಿ ಕೆಳಗೆ ಇಳಿದಿರುತ್ತದೆ. ಪ್ರಾಣಿ ಇರುವ ಮನೆಯವರು ಇದನ್ನು ನೋಡದೆ ತರಬೇಡಿ.

ಟೊರೊಂಟೊ ಕನ್ನಡಿಗ

ಈ ಚರ್ಚೆ ಓದಿ ತುಂಬಾ ಖುಷಿಯಾಯಿತು. ನನ್ನ ಹತ್ತಿರವೂ ಒಂದಿದೆ, ಇಲ್ಲೇ ಸೂಪರ್ ಮಾರ್ಕೆಟ್‌ನಲ್ಲಿ ತಗೊಂಡಿದ್ದು. ಚಳಿಗಾಲದಲ್ಲಿ ಇಲ್ಲಿ ಹೀಟರ್ ಗಾಳಿ ಒಣಗಿರುತ್ತದೆ, ಆದರೆ ಬೆಳಕು ತೀರಾ ಕಡಿಮೆ. ಮೊದಲ ವರ್ಷ ಗಾಳಿ ಒಣಗಿದೆ ಅಂತ ನೀರು ಹಾಕಿ ಹಾಕಿ ನಾನೂ ಒಂದನ್ನು ಕಳಕೊಂಡೆ. ಈಗ ನವೆಂಬರ್‌ನಿಂದ ಮಾರ್ಚ್ ತನಕ ಐದಾರು ವಾರಕ್ಕೊಮ್ಮೆ ಮಾತ್ರ. ದಕ್ಷಿಣದ ಕಿಟಕಿಗೆ ಅಂಟಿಸಿದ ಹಾಗೆ ಇಡುತ್ತೇನೆ, ಹೀಟರ್‌ನಿಂದ ದೂರ. ಮೇ ಕೊನೆಯಲ್ಲಿ, ರಾತ್ರಿಯೂ ಹತ್ತು ಡಿಗ್ರಿಗಿಂತ ಮೇಲೆ ಇದ್ದಾಗ, ಬಾಲ್ಕನಿಗೆ ತರುತ್ತೇನೆ. ಒಂದೇ ದಿನ ಬಿಸಿಲಿಗೆ ಇಟ್ಟರೆ ಎಲೆ ಬಿಳಿಚಿಕೊಂಡು ಸುಡುತ್ತದೆ, ಅದಕ್ಕೆ ಮೊದಲ ವಾರ ನೆರಳು, ಆಮೇಲೆ ಬೆಳಗಿನ ಬಿಸಿಲು, ಆಮೇಲೆ ಪೂರ್ತಿ.

ಒಂದು ಪ್ರಶ್ನೆ. ಶಿವಮೊಗ್ಗದಲ್ಲಿ ನಮ್ಮ ಅತ್ತೆಯ ಮನೆಯಲ್ಲಿ ಹಳೆಯದೊಂದು ಇದೆ. ಬುಡದ ಪಕ್ಕ ಮರಿ ಬಂದಿದೆ. ಈ ಸಲ ಬಂದಾಗ ಸೂಟ್‌ಕೇಸಿನಲ್ಲಿ ತರಬಹುದಾ?

ಧಾರವಾಡದ ಅಕ್ಕ

ಬೇಡಪ್ಪ. ಕಾಡಿನಲ್ಲಿ ಈ ಗಿಡ ಈಗ ತೀವ್ರ ಅಪಾಯದಲ್ಲಿದೆ. ಲೋಕದ ಅರ್ಧ ಜನರ ಮನೆಯಲ್ಲಿ ಇರುವ ಗಿಡ ಅದರ ತವರಿನಲ್ಲೇ ಇಲ್ಲದ ಹಾಗೆ ಆಗುತ್ತಿದೆ ಅನ್ನೋದು ನನಗೆ ಬಹಳ ನೋವಿನ ವಿಷಯ. ಕಾಡು ಕಡಿದು ಹೊಲ ಮಾಡಿದ್ದು ಒಂದು, ಅಲಂಕಾರಕ್ಕೆ ಅಂತ ಬೀಜ, ಎಳೆ ಗಿಡ ಕಿತ್ತು ಮಾರಿದ್ದು ಇನ್ನೊಂದು. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ, ಹೂ ಬಿಡೋಕೆ ಎಷ್ಟೋ ವರ್ಷ ಬೇಕು, ಅದಕ್ಕೆ ಹೋದ ಗಿಡದ ಜಾಗಕ್ಕೆ ಇನ್ನೊಂದು ಬೇಗ ಬರುವುದಿಲ್ಲ. 2016ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ನಡೆದ ಸೈಟಿಸ್ ಸಭೆಯಲ್ಲಿ (ಅಪಾಯದಲ್ಲಿರುವ ಗಿಡ, ಪ್ರಾಣಿಗಳನ್ನು ದೇಶದಿಂದ ದೇಶಕ್ಕೆ ಮಾರುವುದನ್ನು ನಿಯಂತ್ರಿಸುವ ಒಪ್ಪಂದ ಅದು) ಈ ಗುಂಪಿನ ಎಲ್ಲ ಗಿಡಗಳನ್ನೂ ಅದರ ಎರಡನೇ ಅನುಬಂಧಕ್ಕೆ ಸೇರಿಸಿದರು. ದೇಶದ ಗಡಿ ದಾಟಿಸಬೇಕಾದರೆ ಪರ್ಮಿಟ್ ಬೇಕು. ಅದರ ಮೇಲೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇರೆ, ಬೇರಿನಲ್ಲಿ ಮಣ್ಣು ಇರಬಾರದು. ಒಂದು ಮರಿಗೋಸ್ಕರ ಏರ್‌ಪೋರ್ಟ್‌ನಲ್ಲಿ ಕಸದ ಬುಟ್ಟಿಗೆ ಹಾಕಿಸಿಕೊಳ್ಳೋದು ಬೇಡ. ನಮ್ಮ ಮಾರ್ಕೆಟ್ಟಿಗೆ ಬರುವವು ನರ್ಸರಿಯಲ್ಲಿ ಬೀಜದಿಂದ ಬೆಳೆಸಿದವು, ಅಲ್ಲಲ್ಲೇ ಕೊಂಡು ಬೆಳೆಸಿ.

ಟೊರೊಂಟೊ ಕನ್ನಡಿಗ

ಗೊತ್ತಿರಲಿಲ್ಲ ಅಕ್ಕ. ಮರಿಯನ್ನು ಅತ್ತೆಯ ಮನೆಯಲ್ಲೇ ಬೇರೆ ಕುಂಡಕ್ಕೆ ಹಾಕಿಸುತ್ತೇನೆ.

ಕೆಂಪುಮಣ್ಣು

ಮರಿ ಬೇರೆ ಮಾಡುವ ಮುಂಚೆ ಅದಕ್ಕೆ ಸ್ವಂತ ಬೇರು ಬಂದಿದೆಯಾ ನೋಡಿ. ಬೇರಿಲ್ಲದ ಮರಿ ಹಿಡಿಯುವುದು ಕಷ್ಟ, ತಾಯಿಗೂ ಸುಮ್ನೆ ಗಾಯ. ಇನ್ನೊಂದು, ಮೂರು ನಾಲ್ಕು ತಲೆ ಇರುವ ನೋಲಿನಾ ದುಬಾರಿ ಬೆಲೆಗೆ ಮಾರುತ್ತಾರಲ್ಲ, ಅದು ಬೇರೆ ಜಾತಿ ಏನಲ್ಲ. ಎಳೆಯದಿದ್ದಾಗ ನೆತ್ತಿ ಕತ್ತರಿಸುತ್ತಾರೆ, ಪಕ್ಕದಿಂದ ಹಲವು ತಲೆ ಒಡೆಯುತ್ತದೆ. ಮನೆಯಲ್ಲಿ ಮಾಡೋಕೆ ಹೋಗಬೇಡಿ, ಕತ್ತರಿಸಿದ ನೆತ್ತಿ ಬೇರು ಬಿಡುವುದು ಅಪರೂಪ, ಬೆಳಕು ಸಾಲದಿದ್ದರೆ ಬುಡವೂ ಕೊಳೆಯುತ್ತದೆ.

ಹನ್ನೆರಡನೇ ಮಹಡಿ

ಅಪ್‌ಡೇಟ್. ಹನ್ನೆರಡು ದಿನ ಒಣಗಿಸಿ ನಿನ್ನೆ ನೆಟ್ಟೆ. ಗಾಯದ ಮೇಲೆ ಚರ್ಮದ ಹಾಗೆ ಗಟ್ಟಿ ಪೊರೆ ಬಂದಿದೆ. ಮೈಸೂರಿನ ಹಳೇ ಕುಂಡವನ್ನು ಅಮ್ಮ ಎಸೆಯದೆ ಅಕ್ಕಿ ಡಬ್ಬಿಯ ಹಿಂದೆ ಇಟ್ಟಿದ್ದರು, ಅದಕ್ಕೇ ಹಾಕಿದೆ. ಈಗ ಎಲ್ಲಿ ಇಡಲಿ? ನಮಗೆ ದಕ್ಷಿಣಕ್ಕೆ ಬಾಲ್ಕನಿ, ಪೂರ್ವಕ್ಕೆ ಅಮ್ಮನ ರೂಮಿನ ಕಿಟಕಿ.

ಕೆಂಪುಮಣ್ಣು

ಪೂರ್ವದ ಕಿಟಕಿ. ಹೊರದೇಶದವರು ಬರೆದಿದ್ದನ್ನು ಓದಿ ನಮ್ಮವರೂ ದಕ್ಷಿಣ ದಕ್ಷಿಣ ಅನ್ನುತ್ತಾರೆ. ಟೊರೊಂಟೊದಲ್ಲಿ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ವಾಲಿರುತ್ತಾನೆ, ಅಲ್ಲಿಗೆ ಅದು ಸರಿ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ, ದಕ್ಷಿಣದ ಬಾಲ್ಕನಿಗೆ ಆಗ ನೇರ ಬಿಸಿಲೇ ಇರಲ್ಲ. ಪೂರ್ವಕ್ಕೆ ವರ್ಷವಿಡೀ ಬೆಳಗಿನ ಬಿಸಿಲು ಸಿಗುತ್ತದೆ. ಕಿಟಕಿಯಿಂದ ಎರಡು ಅಡಿಯೊಳಗೆ ಇಡಿ. ವಾರಕ್ಕೊಮ್ಮೆ ಕಾಲು ಸುತ್ತು ತಿರುಗಿಸಿ, ಇಲ್ಲದಿದ್ದರೆ ಒಂದೇ ಕಡೆ ವಾಲುತ್ತದೆ. ಗೊಬ್ಬರ ಈ ಆರು ತಿಂಗಳು ಮುಟ್ಟಬೇಡಿ.

ಎಲೆಯ ಸಂದಿಯಲ್ಲಿ ಹತ್ತಿಯ ಹಾಗೆ ಬಿಳಿ ಕಂಡರೆ ಹಿಟ್ಟು ತಿಗಣೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಆಮೇಲೆ ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು ಕಲಸಿ ಸಂಜೆ ಹೊತ್ತು ಸಿಂಪಡಿಸಿ. ಬುಡಕ್ಕೆ ಇಳಿಯದ ಹಾಗೆ ನೋಡಿಕೊಳ್ಳಿ.

ಹನ್ನೆರಡನೇ ಮಹಡಿ

ಯುಗಾದಿ ಆಗಿ ಎರಡು ವಾರ ಆಯಿತು. ಇಷ್ಟು ದಿನ ಬೇಕೆಂದೇ ಬರೆಯಲಿಲ್ಲ, ಖಚಿತ ಆಗಲಿ ಅಂತ ಕಾಯುತ್ತಿದ್ದೆ.

ಹಳದಿಯಾಗಿದ್ದ ಎಲೆ ಎಲ್ಲ ಉದುರಿ ತಲೆ ಬೋಳಾದ ಹಾಗೆ ಆಗಿತ್ತು. ಫೆಬ್ರವರಿ ಪೂರ್ತಿ ಏನೂ ಆಗಲಿಲ್ಲ. ದಿನಾ ಬುಡ ಮುಟ್ಟಿ ನೋಡುತ್ತಿದ್ದೆ, ಗಟ್ಟಿಯಾಗಿಯೇ ಇತ್ತು. ಮೊನ್ನೆ ಅಮ್ಮ ಬೆಳಿಗ್ಗೆ ಆರಕ್ಕೇ ನನ್ನನ್ನು ಎಬ್ಬಿಸಿದರು. ನೆತ್ತಿಯಲ್ಲಿ ಸೂಜಿಯ ಹಾಗೆ ಐದು ಎಳೆ ಎಲೆ ನೆಟ್ಟಗೆ ನಿಂತಿವೆ. ಇವತ್ತು ಅಳೆದೆ, ಉದ್ದದ್ದು ಮೂರು ಇಂಚು ಇದೆ. ಗಾಯದ ಜಾಗ ಗುಳಿಬಿದ್ದು ಬೂದು ಬಣ್ಣಕ್ಕೆ ತಿರುಗಿದೆ, ಅದು ಹಾಗೇ ಉಳಿಯುತ್ತದೆ ಅನ್ನಿಸುತ್ತದೆ.

ನೀರಿನ ಕೆಲಸ ಈಗ ನನ್ನದಲ್ಲ, ಅಮ್ಮನದು. ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಹುಣ್ಣಿಮೆಗೆಲ್ಲ ಪೆನ್ಸಿಲ್‌ನಲ್ಲಿ ಗುಂಡು ಸುತ್ತಿ ಇಟ್ಟಿದ್ದಾರೆ. ಅಮಾವಾಸ್ಯೆಗೂ ಶುರು ಮಾಡಲಾ ಅಂತ ಕೇಳುತ್ತಿದ್ದಾರೆ, ಈಗ ಬಿಸಿಲು ಜಾಸ್ತಿ ಆಗಿದೆಯಲ್ಲ. ಏನು ಹೇಳಲಿ ಅಣ್ಣ?

ಕೆಂಪುಮಣ್ಣು

ಐದು ಎಲೆ ಅಂತ ಓದಿ ನಮ್ಮ ಮನೆಯವಳನ್ನು ಕರೆದು ತೋರಿಸಿದೆ.

ಅಮ್ಮನಿಗೆ ಹೇಳಿ, ಮೇ ಮುಗಿಯುವ ತನಕ ಅಮಾವಾಸ್ಯೆಗೂ ಹಾಕಬಹುದು, ಹಾಕುವ ಮುಂಚೆ ಬೆರಳು ಇಳಿಸಿ ನೋಡಿ. ಜೂನ್‌ನಲ್ಲಿ ಮೋಡ ಕಟ್ಟಿದ ಮೇಲೆ ಮತ್ತೆ ಹುಣ್ಣಿಮೆಗೆ ಮಾತ್ರ. ಕುಂಡ ಬದಲಿಸುವ ಯೋಚನೆ ಇನ್ನು ಮೂರು ವರ್ಷ ಬೇಡ. ಮಳೆ ಶುರುವಾಗುತ್ತಿದ್ದ ಹಾಗೆ ಒಂದು ಫೋಟೋ ಹಾಕಿ.